ಒರೆಸುವ ಬಟ್ಟೆಯಲ್ಲೇ ಇತ್ತು ಕೆಚ್ಚಲು ಬಾವು

ಆಗ ನಮ್ಮ ಕೊಟ್ಟಿಗೆಯಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿದ್ದವು. ಒಂದು ಬೆಳಿಗ್ಗೆ ಗೌರಿಯ ಒಂದು ತೊಟ್ಟಿನಿಂದ ಒಡೆದ ಮೊಸರಿನಂಥ ಗರಣೆ ಬಂತು. ಕೆಚ್ಚಲಿನ ಆ ಭಾಗ ಕಲ್ಲಿನಂತೆ ಗಟ್ಟಿ, ಮುಟ್ಟಿದರೆ ಬಿಸಿ. ಅಮ್ಮ ಯಾರದೋ ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ವಾರ ಕಳೆಯುವಷ್ಟರಲ್ಲಿ ಪಕ್ಕದ ಹಸುವಿಗೂ ಬಂತು.

ಡಾಕ್ಟ್ರು ಬಂದವರೇ, "ಕೆಚ್ಚಲು ಒರೆಸೋ ಬಟ್ಟೆ ಎಲ್ಲಿ?" ಅಂದರು. ಮೂರು ಹಸುವಿಗೂ ಒಂದೇ ಬಟ್ಟೆ, ಒಂದೇ ಬಕೆಟ್ ನೀರು. ಸಾಲದ್ದಕ್ಕೆ ಬೆರಳು ಜಾರಲಿ ಅಂತ ಹಾಲನ್ನೇ ಸವರಿಕೊಂಡು ಕರೆಯುತ್ತಿದ್ದೆ. ಮೊದಲ ಹನಿಗಳನ್ನು ನೆಲಕ್ಕೇ ಬಿಡುತ್ತಿದ್ದೆ.

ಹಾಲಿನ ಪರೀಕ್ಷೆಯಲ್ಲಿ ಸಿಕ್ಕಿದ್ದು ಸ್ಟ್ಯಾಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ರೋಗ ಬಂದ ಕೆಚ್ಚಲಿನ ಹಾಲೇ ಇದರ ಮನೆ. ಅಲ್ಲಿಂದ ಕೈ, ಬಟ್ಟೆ ಹಿಡಿದು ಮುಂದಿನ ಹಸುವಿಗೆ ಹೋಗುತ್ತದೆ. ಒಳಗೆ ಸಣ್ಣ ಸಣ್ಣ ಕೀವುಗಂಟು ಕಟ್ಟಿ ಅಡಗುತ್ತದೆ, ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಸಗಣಿಯಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ರೀತಿಯೇ ಬೇರೆ. ಅದು ಹಠಾತ್ತನೆ ಮೇಲೆರಗುತ್ತದೆ, ಹಾಲು ನೀರಾಗುತ್ತದೆ, ಜಾಸ್ತಿಯಾದರೆ ಜ್ವರ ಬಂದು ಹಸು ಏಳುವುದೇ ಇಲ್ಲ.

ನನಗೆ ಹೆಚ್ಚು ಗಾಬರಿಯಾಗಿದ್ದು ಮೂರನೆಯ ಹಸು ನೋಡಿ. ಬಾವಿಲ್ಲ, ಹಾಲು ಬೆಳ್ಳಗೇ ಇದೆ. ಆದರೆ ಕಣ್ಣಿಗೆ ಕಾಣದ ಕೆಚ್ಚಲು ಬಾವು ಪತ್ತೆ ಮಾಡುವ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ದ್ರಾವಣಕ್ಕೆ ಅಷ್ಟೇ ಹಾಲು ಬೆರೆಸಿ ಅಲ್ಲಾಡಿಸಿದಾಗ ಲೋಳೆಯಾಯಿತು! ರೋಗಾಣು ಹೊಕ್ಕಾಗ ಅದನ್ನು ಎದುರಿಸಲು ಹಾಲಿಗೆ ಬಿಳಿ ರಕ್ತಕಣ ಇಳಿಯುತ್ತವೆ. ದ್ರಾವಣದಲ್ಲಿ ಅವು ಒಡೆದು, ಡಿಎನ್‌ಎ ಹೊರಬಂದು ಹೀಗೆ ಅಂಟಾಗುತ್ತದಂತೆ. ಒಳಗೊಳಗೇ ಹಾಲು ತಿನ್ನುವ ಕಳ್ಳ ರೋಗ ಅಲ್ವಾ?

ಈಗ ಹಸುವಿಗೊಂದು ಒಣ ಬಟ್ಟೆ. ಮೊದಲ ಹಾಲನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ಗರಣೆ ನೋಡುತ್ತೇನೆ. ಚೆನ್ನಾಗಿರುವ ಹಸು ಮೊದಲು, ರೋಗದ್ದು ಕೊನೆಗೆ. ಕರೆದ ಕೂಡಲೇ ತೊಟ್ಟುಗಳನ್ನು ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದುತ್ತೇನೆ. ಕರೆದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ತೊಟ್ಟಿನ ಬಾಯಿ ಪೂರ್ತಿ ಮುಚ್ಚಿರುವುದಿಲ್ಲ. ಅದಕ್ಕೇ ಹುಲ್ಲು ಹಾಕುವುದನ್ನು ಆಮೇಲೆ ಇಟ್ಟುಕೊಂಡಿದ್ದೇನೆ. ತಿನ್ನುತ್ತಾ ನಿಂತೇ ಇರುತ್ತದೆ, ಸಗಣಿಯ ಮೇಲೆ ಮಲಗುವುದಿಲ್ಲ.

ಔಷಧಿ ಕೊಟ್ಟಷ್ಟು ದಿನ, ಆಮೇಲೆ ಡಾಕ್ಟ್ರು ಹೇಳಿದಷ್ಟು ದಿನ ಹಾಲನ್ನು ಡೈರಿಗೆ ಹಾಕಲಿಲ್ಲ. ಹಾಲು ಚೆಲ್ಲುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ. ಮೂರನೆಯದನ್ನು ಬತ್ತಿಸುವಾಗ, ಅಂದರೆ ಮುಂದಿನ ಕರು ಹಾಕುವ ಮೊದಲು ಕರೆಯುವುದನ್ನು ನಿಲ್ಲಿಸುವಾಗ, ನಾಲ್ಕೂ ತೊಟ್ಟಿಗೆ ಟ್ಯೂಬ್ ಔಷಧಿ ಏರಿಸಿದೆವು. ಮುಂದಿನ ಸೂಲಿನಲ್ಲಿ ಅದರ ಹಾಲು ಲೋಳೆಯಾಗಲಿಲ್ಲ. ಗೌರಿಯ ಆ ತೊಟ್ಟು ಮಾತ್ರ ಬತ್ತಿಯೇ ಹೋಯಿತು. ಈಗಲೂ ಅವಳನ್ನು ಮೂರೇ ತೊಟ್ಟಿನಲ್ಲಿ ಕರೆಯುತ್ತೇನೆ.