ಹಾರುವ ಕಾರಿನ ಮಾದರಿ ಮಾಡ್ಬೇಕಾ? ಮೊದಲು ತಕ್ಕಡಿ ತನ್ನಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಓಡಿಸುವ ನಮ್ಮ ಕಡೆ ಹುಡುಗರು ಭಾನುವಾರ ಸಿಕ್ಕರೆ ಕೇಳುವುದು ಇದನ್ನೇ: "ಅಣ್ಣಾ, ಹಾರೋ ಕಾರ್ ಮಾಡಬೇಕಂದ್ರ ಎಲ್ಲಿಂದ ಶುರು ಮಾಡಬೇಕ್ರಿ?" ಮೋಟರಿನಿಂದ ಅಲ್ಲ. ಕಿರಾಣಿ ಅಂಗಡಿಯಲ್ಲಿ ಗ್ರಾಂ ಲೆಕ್ಕ ತೋರಿಸುವ ತಕ್ಕಡಿ ಇರುತ್ತಲ್ಲ, ಅದರಿಂದ.

2021ರಲ್ಲಿ ಸ್ಲೊವಾಕಿಯಾದ ಏರ್‌ಕಾರ್ ಅನ್ನೋ ಹಾರುವ ಕಾರು ನಿತ್ರಾದಿಂದ ಬ್ರಾತಿಸ್ಲಾವಾಕ್ಕೆ 35 ನಿಮಿಷದಲ್ಲಿ ಹಾರಿತು. ಅದಕ್ಕೆ ರೆಕ್ಕೆ ಇದೆ, ರನ್‌ವೇ ಬೇಕು. ನಮ್ಮದು ನಿಂತಲ್ಲಿಂದಲೇ ಏಳಬೇಕು, ರೆಕ್ಕೆಯ ಸಹಾಯ ಇಲ್ಲ, ಪೂರ್ತಿ ಭಾರ ಮೋಟರುಗಳ ಮೇಲೇ. ಅದಕ್ಕೇ ಜನ ಕೂರುವ ಆಸೆ ಸದ್ಯಕ್ಕೆ ಬಿಟ್ಟು, 8 ಕೆಜಿ ಮೀರದ ಮಾದರಿ ಮಾಡೋಣ.

ಲೆಕ್ಕ ಹೀಗೆ. ಎತ್ತುವ ಶಕ್ತಿ ತೂಕದ ಎರಡರಷ್ಟು ಬೇಕು, ಅಂದರೆ 16 ಕೆಜಿ. ನಾಲ್ಕು ತೋಳು, ಒಂದೊಂದರಲ್ಲೂ ಮೇಲೊಂದು ಕೆಳಗೊಂದು ಮೋಟರ್, ಒಟ್ಟು ಎಂಟು. ಒಂದು ಕೈಕೊಟ್ಟರೂ ಉಳಿದ ಏಳು ಇಳಿಸುತ್ತವೆ. ಆದರೆ ಮೇಲಿನ ಪಂಖಾ (ಪ್ರೊಪೆಲ್ಲರ್) ಕಲಕಿದ ಗಾಳಿಯಲ್ಲೇ ಕೆಳಗಿನದು ತಿರುಗುವುದರಿಂದ ಸುಮಾರು ಐದನೇ ಒಂದು ಭಾಗ ಶಕ್ತಿ ಸೋರಿಹೋಗುತ್ತದೆ, ಹಾಗಾಗಿ ಒಂದೊಂದು ಮೋಟರ್ 2.5 ಕೆಜಿ ಎತ್ತುವಂಥದ್ದೇ ಇರಲಿ.

ತೋಳಿಗೆ ಕಾರ್ಬನ್ ಫೈಬರ್ ಪೈಪ್. ಕೊಯ್ಯುವಾಗ ನೀರು ಹಾಕುತ್ತಾ ಕೊಯ್ಯಿರಿ, ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಶ್ವಾಸಕ್ಕೆ ಕೆಟ್ಟದ್ದು, ಸರ್ಕ್ಯೂಟ್ ಮೇಲೆ ಬಿದ್ದರೆ ಶಾರ್ಟ್ ಕೂಡ ಆಗುತ್ತದೆ. ಕ್ಲಾಂಪ್ ಬಿಗಿಯುವಾಗ ಕಬ್ಬಿಣದ ಪೈಪಿಗೆ ಕೊಟ್ಟ ಹಾಗೆ ಪಾನಾ ಎಳೆಯಬೇಡಿ. ನಾನು ಎಳೆದೆ. ಚಟ್ ಅಂತ ಸಣ್ಣ ಸದ್ದು, ಹೊರಗೆ ಕೂದಲೆಳೆಯಷ್ಟು ಗೆರೆ, ಒಳಗೆ ಪೈಪ್ ಪೂರ್ತಿ ಸೀಳಿತ್ತು. ಈಗ ಪೈಪಿನೊಳಗೆ ಎರಡು ಇಂಚಿನ ನೈಲಾನ್ ತುಂಡು ತುರುಕಿ ಆಮೇಲೆ ಬಿಗಿಯುತ್ತೇನೆ. ಆ ತುಂಡನ್ನೂ ತೂಗಿಯೇ ಹಾಕುತ್ತೇನೆ!

ಕಾರಿನ ಮೈಗೆ ಥರ್ಮೋಕೋಲ್ ಕೆತ್ತಿ, ಮೇಲೆ ತೆಳು ಗ್ಲಾಸ್ ಬಟ್ಟೆ ಅಂಟಿಸಿ. ಅಂಟು ಎಪಾಕ್ಸಿಯೇ ಆಗಬೇಕು, ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಥರ್ಮೋಕೋಲ್ ಕರಗಿ ಹೋಗುತ್ತದೆ. ಚಕ್ರಕ್ಕೆ ಆಟಿಕೆ ಕಾರಿನ ಗಾಲಿಗಳೇ ಸಾಕು.

ವೈರು, ಕನೆಕ್ಟರ್ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಹುಡುಕಿ. ಬ್ಯಾಟರಿ ಆರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್), ಫುಲ್ ಚಾರ್ಜಿಗೆ 25.2 ವೋಲ್ಟ್. ಊದಿಕೊಂಡ ಬ್ಯಾಟರಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಎಲ್ಲ ಜೋಡಿಸಿದ ಮೇಲೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸುತ್ತಾ, ಗಾಡಿ ನಟ್ಟನಡುವೆ ಸಮ ತೂಗುವ ಜಾಗ ಹುಡುಕಿ ಕಟ್ಟಿ.

ಪಂಖಾ ಹಾಕದೆ ಮೊದಲು ಮೋಟರ್ ತಿರುಗಿಸಿ. ಒಂದೇ ತೋಳಿನ ಮೇಲಿನದು, ಕೆಳಗಿನದು ವಿರುದ್ಧ ದಿಕ್ಕಿಗೆ ತಿರುಗಬೇಕು. ಇದನ್ನು ನೋಡದೆ ಪಂಖಾ ಹಾಕಿದರೆ ಬೆರಳು ಹೋಗುತ್ತದೆ, ಸುಮ್ನೆ ಹೆದರಿಸುತ್ತಿಲ್ಲ.

ಇನ್ನು ಹಾರಿಸುವ ಜಾಗ. ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆಯೂ ಹೌದು, ಹಾಗಾಗಿ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯ, ಅಂದರೆ ಹಾರಿಸಲು ಮುಂಗಡ ಅನುಮತಿ ಬೇಡದ ಜಾಗ, ನೋಡಿಕೊಂಡೇ ಹೊರಡಿ. 2021ರ ಡ್ರೋನ್ ನಿಯಮದಂತೆ 2ರಿಂದ 25 ಕೆಜಿಯ ಗಾಡಿಗೆ ನೋಂದಣಿ ಸಂಖ್ಯೆ, ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಕು. ಕಾಲೇಜಿನ ಆವರಣ ಹಸಿರು ವಲಯದಲ್ಲಿದ್ದರೆ, ಸಂಶೋಧನೆಗೆ ಅಲ್ಲಿ ವಿನಾಯಿತಿ ಇದೆ. ಪರಿಚಯದ ಮೇಷ್ಟ್ರಿದ್ದರೆ ಅವರ ಜೊತೆ ಸೇರುವುದೇ ಒಳ್ಳೆಯದು.

ಮೊದಲ ದಿನ ಮೊಣಕಾಲೆತ್ತರ, ಹತ್ತು ಸೆಕೆಂಡ್, ಅಷ್ಟೇ. ಇಳಿಸಿ, ಬ್ಯಾಟರಿ ಬಿಚ್ಚಿ, ಮೋಟರುಗಳ ಹತ್ತಿರ ಕೈ ಹಿಡಿದು ನೋಡಿ. ಕೆಳಗಿನವು ಸ್ವಲ್ಪ ಜಾಸ್ತಿ ಬಿಸಿ ಇರುವುದು ಸಹಜ. ಒಂದೇ ತೋಳು ಮಾತ್ರ ಸುಡುತ್ತಿದ್ದರೆ ಭಾರ ಆ ಕಡೆ ವಾಲಿರಬಹುದು, ಬ್ಯಾಟರಿಯನ್ನು ಎದುರು ಕಡೆಗೆ ಅರ್ಧ ಇಂಚು ಸರಿಸಿ ಇನ್ನೊಮ್ಮೆ ಎಬ್ಬಿಸಿ.