ಮನೆಯಲ್ಲೇ ಕಟ್ಟಿದ ಗಾಡಿಗೆ ನಾನು ಮೀಟರ್ ಕೂರಿಸಿದ್ದು

ಮುಳ್ಳು ಟ್ಯಾಂಕ್ ಫುಲ್ ಅಂತ ತೋರಿಸುತ್ತಿತ್ತು. ಗಾಡಿ ಮಾತ್ರ ಹೊಲದ ನಡುವೆ ಪೆಟ್ರೋಲ್ ಮುಗಿದು ನಿಂತಿತ್ತು. ಮೀಟರಿನ ಕೆಲಸವನ್ನು ಸರಿಯಾಗಿ ಕಲಿಯೋಕೆ ಶುರು ಮಾಡಿದ್ದು ಅವತ್ತಿನಿಂದ.

ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿದೆ. ಹಳೆ ಮಾರುತಿ 800ರ ಎಂಜಿನ್, ಗೇರ್‌ಬಾಕ್ಸ್ ತಂದು, ಕಬ್ಬಿಣದ ಪೈಪಿನಲ್ಲಿ ಚಾಸಿ ಕಟ್ಟಿ, ಎರಡು ಸೀಟಿನ ಗಾಡಿ ಮಾಡಿದ್ದೇನೆ. ನೋಂದಣಿ ಇಲ್ಲ, ಹಾಗಾಗಿ ರಸ್ತೆಗೆ ಇಳಿಸಲ್ಲ. ಖಾನಾಪುರದ ಕಡೆ ಇರುವ ನಮ್ಮ ಹೊಲದಲ್ಲೇ ಓಡಿಸುತ್ತೇನೆ.

ಡ್ಯಾಶ್‌ಬೋರ್ಡಿಗೆ 3 ಮಿ.ಮೀ. ಅಲ್ಯುಮಿನಿಯಂ ತಗಡು ಆರಿಸಿದೆ. ಮೊದಲು ಅದೇ ಅಳತೆಯ ರಟ್ಟು ಕತ್ತರಿಸಿ, ಸೀಟಿನಲ್ಲಿ ಕೂತು, ಸ್ಟೀರಿಂಗ್ ಹಿಡಿದು ನೋಡಿದೆ. ಸ್ಟೀರಿಂಗ್ ಸಂದಿಯಲ್ಲಿ ನೇರವಾಗಿ ಕಾಣಲೇಬೇಕಾದ್ದು ಆಯಿಲ್ ಪ್ರೆಶರ್ ಮತ್ತು ಟೆಂಪರೇಚರ್. ಇವೆರಡನ್ನು ಗಮನಿಸದೆ ಓಡಿಸಿದರೆ ಎಂಜಿನ್ನೇ ಹೋಗುತ್ತೆ. ಪೆಟ್ರೋಲ್, ವೋಲ್ಟ್ ಮೀಟರ್ ಪಕ್ಕಕ್ಕಿದ್ದರೂ ನಡೆಯುತ್ತೆ. ನನ್ನ ಸಣ್ಣ ಮೀಟರುಗಳೆಲ್ಲ 52 ಮಿ.ಮೀ. ಅಳತೆಯವು. ತೂತುಗಳನ್ನು ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಹೊಡೆಸಿಕೊಂಡು ಬಂದೆ.

ಈಗ ಪೆಟ್ರೋಲಿನ ವಿಷಯ. ಮೀಟರ್ ಒಂದು ಕಡೆ, ಟ್ಯಾಂಕಿನ ಫ್ಲೋಟ್ (ಪೆಟ್ರೋಲಿನ ಮೇಲೆ ತೇಲಿ ಮಟ್ಟ ತಿಳಿಸುವ ಭಾಗ) ಇನ್ನೊಂದು ಕಡೆ ತಗೊಂಡಿದ್ದೆ. ತಪ್ಪಾಗಿದ್ದು ಅಲ್ಲೇ. ಫ್ಲೋಟ್ ಏರಿಳಿದಂತೆ ಕರೆಂಟಿಗೆ ಅದು ಒಡ್ಡುವ ತಡೆ ಬದಲಾಗುತ್ತೆ, ಅದರ ಅಳತೆ ಓಮ್. ನನ್ನ ಮೀಟರ್ 10 ಓಮ್ ಅಂದರೆ ಖಾಲಿ, 180 ಅಂದರೆ ಫುಲ್ ಅನ್ನುವ ಲೆಕ್ಕದ್ದು. ಫ್ಲೋಟ್ ಬಿಚ್ಚಿ ಮಲ್ಟಿಮೀಟರ್ (ಓಮ್, ವೋಲ್ಟ್ ಅಳೆಯುವ ಸಾಧನ) ಹಿಡಿದರೆ ಕೆಳಗೆ ಇಳಿದಾಗ 240, ಮೇಲೆತ್ತಿದಾಗ 33. ಪೂರ್ತಿ ಉಲ್ಟಾ! ಪೆಟ್ರೋಲ್ ಇಳಿದಷ್ಟೂ ಮುಳ್ಳು ಏರುತ್ತೆ. ಫ್ಲೋಟಿಗೆ ಹೊಂದುವ ಮೀಟರ್ ಹಾಕಿದ ಮೇಲೆ ಸರಿಹೋಯಿತು. ಟ್ಯಾಂಕಿಗೆ ಕೂರಿಸುವ ಮುಂಚೆಯೇ ಫ್ಲೋಟನ್ನು ಕೈಯಲ್ಲಿ ಹಿಡಿದು ಅಳೆಯಿರಿ, ಎರಡು ನಿಮಿಷದ ಕೆಲಸ.

ಇದಕ್ಕಿಂತ ಜಾಸ್ತಿ ಕಾಡಿದ್ದು ಅರ್ತ್, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತಿತ್ತು. ಲೈಟ್ ಆರಿಸಿದರೆ ಇಳಿಯುತ್ತಿತ್ತು. ಲೈಟ್ ಹಾಕಿದ ಕ್ಷಣಕ್ಕೆ ಎಂಜಿನ್ ತಂಪಿಡುವ ನೀರು ಬಿಸಿಯಾಗಲ್ಲ, ಅಲ್ವಾ? ಮೀಟರೇ ಕೆಟ್ಟಿದೆ ಅಂದುಕೊಂಡು ಹೊಸದು ತರೋಕೆ ಹೊರಟಿದ್ದೆ. ನಮ್ಮ ಓಣಿಯಲ್ಲಿ ಗಾಡಿ ವೈರಿಂಗ್ ಮಾಡುವ ಕಾಕಾ ತಡೆದರು. "ತಮ್ಮಾ, ಮೀಟರ್ ಬದಲಿ ಮಾಡಬ್ಯಾಡ. ಮೊದಲ ಅರ್ತ್ ನೋಡು."

ಅವರು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್ಸಿಗೆ, ಇನ್ನೊಂದನ್ನು ಮೀಟರಿನ ಮೈನಸ್ಸಿಗೆ ಇಟ್ಟು ಲೈಟ್ ಹಾಕಿಸಿದರು. ಸೊನ್ನೆಯ ಹತ್ತಿರ ಇರಬೇಕಾದ್ದು ಒಂದು ವೋಲ್ಟ್ ದಾಟಿತ್ತು. ತಗಡು ಲೋಹದ್ದು, ಅದೇ ಅರ್ತ್ ಆಗುತ್ತೆ ಅಂತ ನಾನು ನಂಬಿದ್ದೆ. ಆದರೆ ತಗಡಿಗೂ ಚಾಸಿಗೂ ನಡುವೆ ರಬ್ಬರ್ ಬುಷ್, ಸಾಲದ್ದಕ್ಕೆ ಪೇಂಟ್ ಬೇರೆ. ಕರೆಂಟಿಗೆ ಸರಿಯಾದ ದಾರಿಯೇ ಇರಲಿಲ್ಲ. ಬ್ಯಾಟರಿ ಮೈನಸ್ಸಿನಿಂದ 2.5 ಚದರ ಮಿ.ಮೀ.ನ ಕಪ್ಪು ವೈರ್ ಎಳೆದು ಡ್ಯಾಶ್ ಹಿಂದೆ ಒಂದು ಬೋಲ್ಟಿಗೆ ಕಟ್ಟಿದೆ. ಪ್ರತಿ ಮೀಟರಿನ ಅರ್ತನ್ನೂ ಬೇರೆ ಬೇರೆಯಾಗಿ ಅಲ್ಲಿಗೇ ತಂದೆ. ಎಂಜಿನ್ ಕೂಡ ರಬ್ಬರಿನ ಮೇಲೇ ಕೂತಿರುತ್ತೆ, ಅಲ್ಲಿಂದ ಚಾಸಿಗೆ ದಪ್ಪನೆಯ ಅರ್ತ್ ಪಟ್ಟಿ ಹಾಕಿದೆ.

ಆಮೇಲೆ ಟೆಂಪರೇಚರ್ ಮುಳ್ಳು ಏಳಲೇ ಇಲ್ಲ! ಅಷ್ಟರಲ್ಲಿ ನೀರು ಸೋರದಿರಲಿ ಅಂತ, ಎಂಜಿನ್ನಿಗೆ ತಿರುಗಿಸಿ ಕೂರಿಸುವ ಟೆಂಪರೇಚರ್ ಸೆನ್ಸರಿನ ಥ್ರೆಡ್ಡಿಗೆ ನಾನು ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದ್ದೆ. ಒಂದೇ ವೈರಿನ ಸೆನ್ಸರಿಗೆ ಥ್ರೆಡ್ಡೇ ಅರ್ತ್, ಟೇಪ್ ಆ ದಾರಿಯನ್ನೇ ಮುಚ್ಚಿತ್ತು. ಟೇಪ್ ತೆಗೆದು ತಾಮ್ರದ ವಾಷರ್ ಹಾಕಿದೆ.

ಉಳಿದದ್ದು ಸುಲಭ. ಇಗ್ನಿಷನ್ ಸ್ವಿಚ್‌ನಿಂದ 5 ಆಂಪಿಯರ್ ಫ್ಯೂಸ್ ದಾಟಿಸಿ ಎಲ್ಲ ಮೀಟರಿಗೂ ಪ್ಲಸ್ ಕೊಟ್ಟೆ. ಒಳಗಿನ ಬಲ್ಬುಗಳಿಗೆ ಪಾರ್ಕಿಂಗ್ ಲೈಟಿನ ಲೈನ್. ಎಂಜಿನ್ ಕಡೆಯಿಂದ ವೈರ್ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಹಾಕಲೇಬೇಕು, ಇಲ್ಲದಿದ್ದರೆ ತಗಡಿನ ಅಂಚು ವೈರ್ ಕೊಯ್ಯುತ್ತೆ.

ವೈರನ್ನು ಸುಮ್ನೆ ಬಿಗಿಯಾಗಿ ಕತ್ತರಿಸಬೇಡಿ. ನಾನು ಒಂದು ಅಡಿ ಹೆಚ್ಚಿಗೆ ಬಿಟ್ಟು, ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿದ್ದೇನೆ. ನಮ್ಮ ಕಡೆ ಮಳೆಗಾಲದ ತೇವಕ್ಕೆ ತಾಮ್ರ ಹಸಿರಾಗುತ್ತೆ. ಹಾಗಾಗಿ ಜೂನ್ ಬರುವ ಮುಂಚೆ ನಾಲ್ಕು ಸ್ಕ್ರೂ ಬಿಚ್ಚಿ, ಇಡೀ ಡ್ಯಾಶನ್ನು ತೊಡೆಯ ಮೇಲೆ ಎಳೆದುಕೊಂಡು, ಅರ್ತ್ ಬೋಲ್ಟ್ ಉಜ್ಜಿ, ವ್ಯಾಸಲೀನ್ ಹಚ್ಚಿ ಮತ್ತೆ ಬಿಗಿ ಮಾಡುತ್ತೇನೆ.