ಮುರಕಲ್ಲಿನ ಹಳೆ ಗೋಡೆಗೆ ಸುಣ್ಣದ ಗಾರೆ ಹಚ್ಚುವುದು ಹೇಗೆ?

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಮುಳ್ಳೇರಿಯ ಕಡೆ ಹಳೆ ಮನೆ ದುರಸ್ತಿ ಎಂದ ಕೂಡಲೇ ಸಿಮೆಂಟು ಮೂಟೆ ಅಂಗಳಕ್ಕೆ ಬಂದು ಬೀಳುತ್ತದೆ. ಮನೆ ಹಾಳಾಗುವುದು ಅಲ್ಲಿಂದಲೇ. ಮುರಕಲ್ಲು, ಅಂದರೆ ಜಂಬಿಟ್ಟಿಗೆ (ಲ್ಯಾಟರೈಟ್), ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಹೀರಿದ್ದನ್ನು ಬಿಸಿಲಿಗೆ ಸುಣ್ಣದ ಗಾರೆಯ ಮೂಲಕ ಹೊರಗೆ ಬಿಡುತ್ತದೆ. ಸಿಮೆಂಟು ಬಳಿದರೆ ತೇವ ಒಳಗೇ ಉಳಿಯುತ್ತದೆ, ಉಪ್ಪು ಹರಳುಗಟ್ಟುತ್ತದೆ, ಕಲ್ಲಿನ ಮೈ ಕೆಂಪು ಹುಡಿಯಾಗಿ ಉದುರುತ್ತದೆ.

ಮೊದಲ ಕೆಲಸ ದಾಖಲೆ. ಪ್ರತಿ ಗೋಡೆಯ ಫೋಟೋ ತೆಗೆದು ಅಳತೆ ಬರೆದಿಡಿ. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಹಾಕಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಆಗ ಅಡಿಪಾಯ ನೋಡಬೇಕು. ಮಾಡು ಸೋರುತ್ತಿದ್ದರೆ ಹಂಚು, ಪಕ್ಕಾಸಿನ (ಹಂಚು ಹೊರುವ ಮರದ ತೊಲೆಗಳ) ಕೆಲಸ ಮುಗಿಸಿಯೇ ಗೋಡೆಗೆ ಬನ್ನಿ.

ಹಿಂದೆ ಯಾರಾದರೂ ಸಿಮೆಂಟು ಬಳಿದಿದ್ದರೆ ಗೋಡೆಯನ್ನು ಬೆರಳಗೆಣ್ಣಿನಿಂದ ಬಡಿಯಿರಿ. ಟೊಳ್ಳು ಸದ್ದು ಬಂದಷ್ಟು ಸಿಮೆಂಟನ್ನು ಮಾತ್ರ ಸಣ್ಣ ಉಳಿಯಿಂದ ಎಬ್ಬಿಸಿ. ಬ್ರೇಕರ್ ಮಿಷಿನ್ ಬೇಡವೇ ಬೇಡ. ಕಲ್ಲಿನ ಮೈಯನ್ನೇ ಕಿತ್ತುಕೊಂಡು ಬರುವಷ್ಟು ಬಿಗಿಯಾಗಿ ಹಿಡಿದಿದ್ದರೆ ಸಿಮೆಂಟನ್ನು ಹಾಗೆಯೇ ಬಿಡಿ. ಆದಷ್ಟು ಕಡಿಮೆ ಮುಟ್ಟುವುದೇ ಸಂರಕ್ಷಣೆ. ಊಹೆ ಶುರುವಾಗುವಲ್ಲಿ ಪುನರುದ್ಧಾರ ನಿಲ್ಲಬೇಕು ಎಂದು ಸ್ಮಾರಕ ಸಂರಕ್ಷಣೆಯ ಅಂತಾರಾಷ್ಟ್ರೀಯ ಸೂತ್ರಗಳಾದ 1964ರ ವೆನಿಸ್ ಸನ್ನದು ಹೇಳುತ್ತದೆ. ಉದುರಿದ ಬಳ್ಳಿಚಿತ್ತಾರದ ಹಳೆ ಫೋಟೋ ಇಲ್ಲದಿದ್ದರೆ ಆ ಜಾಗಕ್ಕೆ ಸಾದಾ ಗಾರೆಯೇ ಸರಿ.

ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸಿ. ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಸೋಸಿ, ನೀರಿನಡಿ ಕನಿಷ್ಠ ಒಂದು ತಿಂಗಳು ಬಿಡಿ. ಅವಸರ ಮಾಡಿದರೆ ಅರಳದ ಕಾಳುಗಳು ಗೋಡೆಯಲ್ಲೇ ಅರಳಿ ಗುಳ್ಳೆ ಏಳುತ್ತವೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಳೆಮರಳು. ಕಡಲಿನ ಮರಳಿನಲ್ಲಿ ಉಪ್ಪಿರುತ್ತದೆ, ಬೇಡ. ಮಳೆನೀರು ಸಿಡಿಯುವ ಬುಡಕ್ಕೆ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಸುಟ್ಟ ಇಟ್ಟಿಗೆಯ ಹುಡಿ), ಎರಡು ಪಾಲು ಮರಳು.

ಮಳೆ ಪೂರ್ತಿ ಬಿಟ್ಟ ಮೇಲೆ ಶುರುಮಾಡಿ. ಮೊದಲು ಪರೀಕ್ಷೆಗೆಂದು ಒಂದು ಚದರ ಅಡಿ ಹಚ್ಚಿ ಒಂದೆರಡು ವಾರ ಕಾಯಿರಿ. ಕಲ್ಲನ್ನು ನೆನೆಸಿ 10–12 ಮಿ.ಮೀ. ಹಚ್ಚಿ, ಗೀರು ಹಾಕಿ. ಬಿಗಿದ ಮೇಲೆ 5 ಮಿ.ಮೀ. ಮೇಲ್ಪದರ. ಒದ್ದೆ ಗೋಣಿ ಇಳಿಬಿಟ್ಟು ಒಂದು ವಾರ ನೆರಳಲ್ಲಿ ಒಣಗಿಸಿ. ಬೇಗ ಒಣಗಿದರೆ ಜೇಡರಬಲೆಯಂಥ ಬಿರುಕು ಖಂಡಿತ.

ಕೊನೆಗೆ ತೆಳು ಸುಣ್ಣದ ನೀರು ಮೂರು ಕೋಟು. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಗೋಡೆಯ ಉಸಿರು ಮತ್ತೆ ಕಟ್ಟುತ್ತದೆ. ಮನೆ ಬೇಕಲ ಕೋಟೆಯಂಥ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗಿದ್ದರೆ ದುರಸ್ತಿಗೂ ಅನುಮತಿ ಬೇಕು. ಅರ್ಜಿಯ ಜೊತೆ ಮೊದಲು ತೆಗೆದ ಫೋಟೋಗಳನ್ನು ಕೊಡಿ.